ಕೆಳಮನೆಯಮ್ಮ ಇಡಬೇಕೆಂದಿದ್ದ ಹೆಸರು

ಸಿಟ್ಟು ಬಂದರೆ ಅವರ ಮೂಗುಬೊಟ್ಟು ನಡುಗುತ್ತಿತ್ತು. ಎಡಗಡೆ ಹೊಳ್ಳೆಯ ಮೇಲೆ ಒಂದೇ ಒಂದು ಬಿಳಿ ಹರಳು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ, ತುಟಿ ಅಲುಗುತ್ತಿರಲಿಲ್ಲ, ಆ ಹರಳು ಮಾತ್ರ ಸಣ್ಣಗೆ ನಡುಗುತ್ತಿತ್ತು. ಅದು ನಡುಗಿತೆಂದರೆ ಯಾರದೋ ತಲೆಯ ಮೇಲೆ ಒಂದು ಲ್ಯಾಟಿನ್ ಹೆಸರು ಬೀಳುವುದಿದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ತೀರಿಹೋದವರ ಬಗ್ಗೆ ಬರೆಯುವಾಗ ಮನಸ್ಸು ತಿಳಿಯಾಗಿರಬೇಕು ಎನ್ನುತ್ತಾರೆ. ನನ್ನ ಮನಸ್ಸು ತಿಳಿಯಾಗಿಲ್ಲ, ಆಗುವುದೂ ನನಗೆ ಬೇಕಿಲ್ಲ. ಹಗೆಯನ್ನು ಹೇಗೆ ಜೋಪಾನ ಮಾಡಬೇಕು ಎಂಬುದನ್ನು ನನಗೆ ಕಲಿಸಿದವರೇ ಅವರು. ಅವರ ಬಗ್ಗೆ ಮೆತ್ತಗೆ ಬರೆದರೆ ಅವರಿಗೇ ಅವಮಾನ.

ನಾನು ತುಮಕೂರಿನವನು, ಬ್ಯಾಂಕಿನ ನೌಕರ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನನ್ನನ್ನು ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ಎತ್ತಿಹಾಕಿದರು. ಮದುವೆಯಾಗಿರಲಿಲ್ಲ, ತೆಲುಗು ಬರುತ್ತಿರಲಿಲ್ಲ, ಹೋಟೆಲಿನ ಖಾರ ಹೊಟ್ಟೆಗೆ ಒಗ್ಗುತ್ತಿರಲಿಲ್ಲ. ಬಸ್ಸು, ಆಟೋಗಳ ಗದ್ದಲದ ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಒಗೆದು ಹರವಿದ ಬಿಳಿ ಅಂಗಿ ಸಂಜೆಗೆ ಬೂದು ಬಣ್ಣಕ್ಕೆ ತಿರುಗುವ ಊರು ಅದು. ಕೆಳಗಿನ ಮನೆಯಲ್ಲಿ ಹಾಸನದ ಕಡೆಯ ಗಂಡ ಹೆಂಡತಿ ಇದ್ದರು. ಆತ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಮಕ್ಕಳಿರಲಿಲ್ಲ. ಆಕೆಗೆ ಆಗ ನಲವತ್ತೈದರ ಆಸುಪಾಸು. ನಾನು ಆಕೆಯನ್ನು ಕೆಳಮನೆಯಮ್ಮ ಎಂದು ಕರೆಯತೊಡಗಿದೆ. ಆತನನ್ನು ಎಲ್ಲರಂತೆ ಇಂಜಿನಿಯರು ಎಂದೆ.

ಮೊದಲ ಭಾನುವಾರ ಕಾಫಿಗೆ ಕರೆದರು. ಹಾಲಿನ ಗೋಡೆಯ ಉದ್ದಕ್ಕೂ ಒಂದು ಹಲಗೆ, ಅದರ ಮೇಲೆ ಸಾಲಾಗಿ ಗಾಜಿನ ಭರಣಿಗಳು. ಪೆಟ್ಟಿಗೆ ಅಂಗಡಿಗಳಲ್ಲಿ ಪೆಪ್ಪರಮಿಂಟು ತುಂಬಿಡುತ್ತಾರಲ್ಲ, ಅಂಥವು. ಊರ ಕಡೆಯ ಉಪ್ಪಿನಕಾಯಿ ಇರಬೇಕೆಂದು ನನ್ನ ಬಾಯಲ್ಲಿ ನೀರೂರಿತು. ಹತ್ತಿರ ಹೋಗಿ ಬಗ್ಗಿದೆ. ಒಳಗಿನಿಂದ ರೋಮ ತುಂಬಿದ ಒಂದು ಕಾಲು ಗಾಜನ್ನು ಮುಟ್ಟಿತು. ನನ್ನ ಕೈಯಲ್ಲಿದ್ದ ಕಾಫಿ ನನ್ನ ಪ್ಯಾಂಟಿನ ಮೇಲಿತ್ತು.

"ಹೆದರಬೇಡಪ್ಪಾ, ಅದು ಊಟ ಮಾಡಿದೆ," ಎಂದರು ಅಮ್ಮ.

ಅಂಗೈಯಗಲದ ಜೇಡಗಳು. ಟರಾಂಟುಲಾ ಎಂಬ ಪದವನ್ನು ನಾನು ಕೇಳಿದ್ದು ಅಂದೇ. ಒಂದೊಂದು ಭರಣಿಯಲ್ಲೂ ಒಂದೊಂದು, ಜೊತೆಗೆ ಒಂದು ತುಂಡು ತೊಗಟೆ, ಸೋಡಾ ಬಾಟಲಿಯ ಮುಚ್ಚಳದಷ್ಟು ಚಿಕ್ಕ ನೀರಿನ ಬಟ್ಟಲು. ಯಾವ ಭರಣಿಯ ಮೇಲೂ ಹೆಸರಿನ ಚೀಟಿ ಇರಲಿಲ್ಲ.

ಅಷ್ಟರಲ್ಲಿ ಗುಡಿಸುತ್ತಿದ್ದ ಕೆಲಸದಾಕೆ ಚೀರಿದಳು. "ಅಮ್ಮಾ, ಇದಿ ಚಚ್ಚಿಪೋಯಿಂದಿ!" ಒಂದು ಭರಣಿಯಲ್ಲಿ ಜೇಡ ಕಾಲುಗಳನ್ನು ಮೇಲೆ ಮಾಡಿ ಅಂಗಾತ ಬಿದ್ದಿತ್ತು. ನನ್ನ ಕಣ್ಣಿಗೂ ಸತ್ತ ಹಾಗೇ ಕಂಡಿತು. ಅವಳು ಭರಣಿ ಎತ್ತಲು ಕೈ ಹಾಕಿದಳು. ಪೇಪರು ಓದುತ್ತಿದ್ದ ಇಂಜಿನಿಯರು ಕುರ್ಚಿಯಿಂದ ಛಂಗನೆ ಎದ್ದು ಅವಳ ಕೈ ತಡೆದರು. "ಚಾವಲೇದು, ತೋಲು ಮಾರ್ಚುಕುಂಟೋಂದಿ," ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿದರು. "ಸತ್ತಿಲ್ಲ ಕಣ್ರೀ. ಪೊರೆ ಬಿಡ್ತಾ ಇದೆ. ಬೆನ್ನ ಮೇಲೆ ಮಲಗಿದೆ ಅಂದ್ರೆ ಪೊರೆ. ಸಾಯೋವಾಗ ಹೀಗೆ ಮಲಗಲ್ಲ, ಕಾಲು ಹೊಟ್ಟೆ ಕೆಳಗೆ ಮಡಚಿಕೊಂಡು ಕೂತಲ್ಲೇ ಸಾಯುತ್ತೆ. ಹೊಸಬರು ಎಲ್ಲರೂ ಮಾಡೋ ತಪ್ಪೇ ಇದು. ಜೀವ ಇರೋದನ್ನ ಎಸೆದುಬಿಡ್ತಾರೆ."

ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು. ಓದುಗರು ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನಂತೂ ಇಟ್ಟುಕೊಂಡಿದ್ದೇನೆ.

ಆಗ ಅವರು ಒಳ್ಳೆಯ ಗಂಡ ಎಂದೇ ನನಗನಿಸಿತ್ತು. ಕಾರ್ಖಾನೆಯ ಕ್ಯಾಂಟೀನಿನಿಂದ ಜಿರಲೆಗಳನ್ನು ಟಿಫಿನ್ ಡಬ್ಬಿಯಲ್ಲಿ ಹಿಡಿದು ತರುತ್ತಿದ್ದರು. ರಜಾ ದಿನ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಾಲ್ಟೇರಿನ ಗ್ರಂಥಾಲಯಕ್ಕೆ ಬಿಡುತ್ತಿದ್ದರು. ಅಲ್ಲಿ ಬ್ರಿಟಿಷರ ಕಾಲದ ಒಂದು ದಪ್ಪ ಪುಸ್ತಕವಿತ್ತು, ಈ ದೇಶದ ಜೇಡಗಳದ್ದು. ಅಮ್ಮ ಅದನ್ನು ಓದಿಕೊಂಡು ಬರುತ್ತಿದ್ದರು. ಬರೆದುಕೊಂಡು ಬರುತ್ತಿರಲಿಲ್ಲ. "ಬರೆದುಕೊಂಡ್ರೆ ಮರೆತುಹೋಗುತ್ತೆ," ಎಂಬುದು ಅವರ ಸಿದ್ಧಾಂತ. ಕಾಗದಕ್ಕೆ ಒಪ್ಪಿಸಿದ ಮೇಲೆ ತಲೆ ತನ್ನ ಕೆಲಸ ಮುಗಿಯಿತೆಂದು ಮಲಗಿಬಿಡುತ್ತದಂತೆ.

ಮತ್ತೆ ಅಷ್ಟೊಂದು ಹೆಸರು ನೆನಪಿಟ್ಟುಕೊಳ್ಳುವುದು ಹೇಗೆ? ಅದು ನನಗೆ ತಿಳಿದದ್ದು ನಮ್ಮ ಮ್ಯಾನೇಜರ ಕೃಪೆಯಿಂದ. ಆತ ಒಂದು ದಿನ ಗಿರಾಕಿಗಳೆಲ್ಲರ ಮುಂದೆ ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದ. ತಪ್ಪು ಅವನದೇ. ಸಂಜೆ ನಾನು ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಅಮ್ಮ ಬಂದು ಕೇಳಿದರು. ನಾನು ಆತನ ಹೆಸರೆತ್ತಿ ಶುರು ಮಾಡಿದೆ.

"ಅವನ ಹೆಸರು ಹೇಳಬೇಡ. ಅವನು ಹೇಗಿದಾನೆ ಅದನ್ನ ಹೇಳು."

"ಪೊರಕೆ ಮೀಸೆ ಅಮ್ಮ. ಕಿರುಚೋಕೆ ಮುಂಚೆ ಹಾವಿನ ಥರ ಬುಸ್ ಅಂತಾನೆ."

ಹರಳು ಸಣ್ಣಗೆ ನಡುಗಿತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. "ಕೈಲೊಬ್ರ್ಯಾಕಿಸ್ ಫಿಂಬ್ರಿಯೇಟಸ್. ಫಿಂಬ್ರಿಯೇಟಸ್ ಅಂದ್ರೆ ಜಾಲರಿ ಇರೋದು, ಅಂಚಿನಲ್ಲಿ ಕೂದಲ ಕುಚ್ಚು ಇರೋದು. ಕೆಣಕಿದ್ರೆ ಬುಸುಗುಡುತ್ತೆ. ನಾಳೆ ಅವನು ಬಾಯಿ ತೆಗೆದ ತಕ್ಷಣ ಮನಸ್ಸಿನಲ್ಲಿ ಹೇಳ್ಕೋ."

ಮಾರನೆಯ ದಿನ ಆತ ಬಾಯಿ ತೆಗೆದ. ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ಎದೆಯ ಮೇಲಿಂದ ಯಾರೋ ಚೀಲ ಇಳಿಸಿದ ಹಾಗಾಯಿತು. ಆ ಹೆಸರನ್ನು ನಾನು ಈವರೆಗೆ ಮರೆತಿಲ್ಲ. ಆತನ ನಿಜವಾದ ಹೆಸರು ಏನೆಂದು ಈಗ ಯೋಚಿಸಬೇಕು.

ಇದೇ ಅವರ ವಿದ್ಯೆ. ಒಂದೊಂದು ಜಾತಿಯ ಹೆಸರನ್ನೂ ತನಗೆ ಕೇಡು ಮಾಡಿದ ಒಬ್ಬರಿಗೆ ತಗುಲಿಹಾಕುವುದು. "ಇಷ್ಟಪಟ್ಟವರು ಮರೆತುಹೋಗ್ತಾರೆ ಕಣೋ. ನನ್ನ ಜೊತೆ ಶಾಲೆಗೆ ಬರ್ತಿದ್ದವಳ ಮುಖವೇ ನೆನಪಿಲ್ಲ. ಆದ್ರೆ ಹಾಳು ಮಾಡಿದವರು ಇದಾರಲ್ಲ, ಅವರು ಉಪ್ಪಿಟ್ಟು ತಿನ್ನುವಾಗ್ಲೂ ನೆನಪಾಗ್ತಾರೆ. ಅದನ್ನ ಸುಮ್ಮನೆ ಯಾಕೆ ದಂಡ ಮಾಡ್ಬೇಕು?"

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಮೊದಲ ದರ್ಜೆಯಲ್ಲಿ ಪಾಸಾದ ತಂಗಿಯನ್ನು ಸಂಶೋಧನೆಗೆ ಕಳಿಸದೆ ಮದುವೆ ಮಾಡಿ ಕೈತೊಳೆದುಕೊಂಡ ಅಣ್ಣ ಒಬ್ಬನಿದ್ದ. ಸದಾ ಗೀಟಿನ ಅಂಗಿ ಹಾಕುತ್ತಿದ್ದನಂತೆ. ಅವನು ಪೀಸಿಲೊಥೀರಿಯಾ ಸ್ಟ್ರಯಾಟ. ಸ್ಟ್ರಯಾಟ ಎಂದರೆ ಪಟ್ಟೆಯುಳ್ಳದ್ದು, ನಮ್ಮ ಮೈಸೂರು ಕಡೆಯದೇ. ಗಾಜುವಾಕಕ್ಕೆ ಬರುವ ಮುಂಚೆ ಇಂಜಿನಿಯರಿಗೆ ಕೊಂಡಪಲ್ಲಿಯ ಹತ್ತಿರದ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಅಮ್ಮ ವಿಜಯವಾಡದ ಒಂದು ಕಾಲೇಜಿಗೆ ಪಾಠ ಹೇಳಲು ಹೋದರು. ಜೇಡಗಳ ಮೇಲೆ ಕೆಲಸ ಮಾಡುತ್ತೇನೆಂದಾಗ ಅಲ್ಲಿನ ವಿಭಾಗದ ಮುಖ್ಯಸ್ಥ, "ಹೆಂಗಸರಿಗೆ ಚಿಟ್ಟೆ ಸಾಕು," ಎಂದು ಎಲ್ಲರ ಮುಂದೆ ನಕ್ಕಿದ್ದನಂತೆ. ಅವನು ಥ್ರಿಗ್ಮೊಪೀಯಸ್ ಟ್ರುಕ್ಯುಲೆಂಟಸ್, ಅಂದರೆ ಕ್ರೂರಿ. ಒಡವೆ ಸಾಲ ತೆಗೆದುಕೊಂಡು ಹೋಗಿ ಹಾಕಿಕೊಂಡೇ ಓಡಾಡಿದ ಚೆಲುವೆ ನಾದಿನಿ ಪೀಸಿಲೊಥೀರಿಯಾ ಫಾರ್ಮೋಸ. ನೀರು ಬೆರೆಸುವ ಹಾಲಿನವನಂಥ ಚಿಲ್ಲರೆ ಶತ್ರುಗಳಿಗೆಲ್ಲ ಪ್ಲೀಸಿಯೊಫ್ರಿಕ್ಟಸ್ ಎಂಬ ಸಣ್ಣ ಜಾತಿಯನ್ನೇ ಹಂಚುತ್ತಿದ್ದರು. "ಅವರ ಯೋಗ್ಯತೆಗೆ ಅಷ್ಟು ಸಾಕು."

ಬೆಳಿಗ್ಗೆ ಕೊತ್ತಂಬರಿ ಬಿಡಿಸುತ್ತಾ ಈ ಹೆಸರುಗಳನ್ನು ಒಂದರ ಹಿಂದೆ ಒಂದು ಹೇಳುತ್ತಿದ್ದರು. ಕೇಳಿದವರಿಗೆ ಏನೋ ಸ್ತೋತ್ರ. ಪಕ್ಕದ ಮನೆಯ ತೆಲುಗು ಮುದುಕಿ ಗೋಡೆಯಾಚೆಯಿಂದಲೇ ಕೈಮುಗಿಯುತ್ತಿದ್ದಳು. ಅದು ನಿಜಕ್ಕೂ ಶಾಪಗಳ ಸಾಲು ಎಂಬುದು ಗೊತ್ತಿದ್ದವರು ಇಬ್ಬರೇ, ಇಂಜಿನಿಯರು ಮತ್ತು ನಾನು. ಇಂಜಿನಿಯರು ನಗುತ್ತಾ ಕೇಳುತ್ತಿದ್ದರು. "ನನಗ್ಯಾವುದು ಇಟ್ಟಿದೀಯೇ?" ಅಮ್ಮ ಉತ್ತರ ಕೊಡುತ್ತಿರಲಿಲ್ಲ. ಗಂಡನ ಹೆಸರನ್ನೇ ಹೇಳದ ಕಾಲದ ಹೆಂಗಸು. ಬ್ಯಾಂಕಿಗೆ ಬಂದಾಗ ಫಾರಂನಲ್ಲಿ ಗಂಡನ ಹೆಸರು ಏನಮ್ಮಾ ಎಂದು ಕ್ಲರ್ಕು ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಿದ್ದರು. ನಾನು ಹೇಳಬೇಕಾಗಿತ್ತು. ಲೋಕದ ಜೇಡಗಳ ಹೆಸರೆಲ್ಲ ನಾಲಿಗೆ ತುದಿಯಲ್ಲಿದ್ದ ಆಕೆಯ ಬಾಯಲ್ಲಿ ಆ ಒಂದು ಹೆಸರನ್ನು ಯಾರೂ ಕೇಳಿರಲಿಲ್ಲ.

ಹಲಗೆಯ ನಡುವಿನ ಭರಣಿ ಎಲ್ಲಕ್ಕಿಂತ ದೊಡ್ಡದು. ಅದರೊಳಗಿನ ಜೇಡಕ್ಕೆ ಹೆಸರೇ ಇರಲಿಲ್ಲ. ಅದು ಸಿಕ್ಕಿದ್ದು ಕೊಂಡಪಲ್ಲಿಯಲ್ಲಿ. ಬೊಂಬೆ ಮಾಡುವವನೊಬ್ಬ ಬೆಟ್ಟದಿಂದ ತರಿಸಿದ ಮರದ ದಿಮ್ಮಿಯನ್ನು ಸೀಳಿದಾಗ ಪೊಳ್ಳಿನಿಂದ ಉಗುರಿನಷ್ಟು ಮರಿ ಹೊರಬಂದಿತ್ತು. ಅಮ್ಮ ಅದನ್ನು ಸಾಕಿ ಅಂಗೈಯಷ್ಟು ಮಾಡಿದ್ದರು. ಇವು ನಿಧಾನವಾಗಿ ಬೆಳೆಯುತ್ತವೆ, ಹೆಣ್ಣು ಪೂರ್ಣ ಬೆಳೆಯಲು ವರ್ಷಗಟ್ಟಲೆ ಬೇಕು. ಮೈಮೇಲೆ ಬೂದು, ಕಪ್ಪು, ಬಿಳಿ ರಂಗೋಲಿ. ಮೊದಮೊದಲು ರೆಗಾಲಿಸ್, ಅಂದರೆ ರಾಜಯೋಗ್ಯವಾದದ್ದು, ಎಂಬ ಜಾತಿಯೆಂದೇ ತಿಳಿದಿದ್ದರಂತೆ. ಆದರೆ ರೆಗಾಲಿಸ್‌ನ ಹೊಟ್ಟೆಯ ಕೆಳಗೆ ತಿಳಿಬಣ್ಣದ ಅಡ್ಡಪಟ್ಟಿ ಇರಬೇಕು. ಇದಕ್ಕೆ ಇರಲಿಲ್ಲ. ಕಾಲಿನ ಕೆಳಗಿನ ಹಳದಿಯೂ ಬೇರೆ ಥರ. ದಪ್ಪ ಪುಸ್ತಕದ ಯಾವ ವರ್ಣನೆಗೂ ಅದು ಕೂಡಿಬರಲಿಲ್ಲ.

ಅಂದರೆ ಈವರೆಗೆ ಯಾರೂ ಹೆಸರಿಡದ ಜೀವ ಇರಬಹುದು. ಕಲ್ಕತ್ತಾದ ಒಬ್ಬ ವಿಜ್ಞಾನಿಗೆ ಅಮ್ಮ ವಿಷಯ ತಿಳಿಸಿದರು. ಆತ ಚಳಿಗಾಲದಲ್ಲಿ ಬಂದು ನೋಡುತ್ತೇನೆ, ಪೂರ್ಣ ಬೆಳೆದ ಹೆಣ್ಣೇ ಬೇಕು, ಜೊತೆಗೆ ಅದು ಬಿಟ್ಟ ಪೊರೆಯೂ ಬೇಕು ಎಂದ. ಹೊಸದೇ ಆಗಿದ್ದರೆ ಹೆಸರನ್ನು ಅಮ್ಮನೇ ಸೂಚಿಸಬಹುದು. ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಆ ಶಾಸ್ತ್ರದಲ್ಲಿ ಮರ್ಯಾದೆಯಲ್ಲ, ಬೇರೆ ಯಾರದ್ದಾದರೂ ಇಡಬಹುದು.

"ಯಾರ ಹೆಸರು ಇಡ್ತೀರಮ್ಮ? ನಿಮ್ಮ ಅಣ್ಣಂದಾ?" ಎಂದು ಕೀಟಲೆ ಮಾಡಿದೆ.

"ಥೂ! ಒಮ್ಮೆ ಇಟ್ರೆ ಲೋಕ ಇರೋವರೆಗೂ ಇರುತ್ತೆ ಕಣೋ ಆ ಹೆಸರು. ಬೈಗುಳದ ಹೆಸರು ಮನೇಲಿ ಇಟ್ಕೊಳ್ಳೋಕೆ. ಇದು ಬೇರೆ."

ಆಮೇಲೆ ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಒಂದು ಹೆಸರು ಹೇಳಿದರು. ಪೀಸಿಲೊಥೀರಿಯಾ ಎಂಬ ಮನೆತನದ ಹೆಸರು, ಅದರ ಮುಂದೆ ಲ್ಯಾಟಿನ್ ಬಾಲ ಅಂಟಿಸಿಕೊಂಡ ಇನ್ನೊಂದು. ಬಾಲ ಕಳಚಿದರೆ ಅದು ಇಂಜಿನಿಯರ ಹೆಸರು. ನಾನು ಬ್ಯಾಂಕಿನ ಫಾರಂಗಳಿಗಾಗಿ ಎಷ್ಟೋ ಸಲ ಅವರ ಪರವಾಗಿ ಹೇಳಿದ್ದ ಹೆಸರು.

ನನ್ನ ಬಾಯಿ ತೆರೆದೇ ಇತ್ತು. ಅಮ್ಮನ ಮುಖ ಕೆಂಪಾಗಿತ್ತು. "ಏನು ಹಾಗೆ ನೋಡ್ತೀಯ? ಇದು ಅವರ ಹೆಸರಲ್ಲ, ಹುಳದ ಹೆಸರು. ಹುಳದ ಹೆಸರು ಹೇಳಬಹುದು. ಅಣ್ಣ ಬೇಡ ಅಂದ, ಕಾಲೇಜಿನವನು ನಕ್ಕ. ಇವರೊಬ್ಬರೇ ಸ್ಕೂಟರ್ ಮೇಲೆ ಕೂರಿಸ್ಕೊಂಡು ಬೆಟ್ಟಕ್ಕೆ ಕರ್ಕೊಂಡು ಹೋದದ್ದು. ಈಗಲೇ ಹೇಳಬೇಡ. ಕಲ್ಕತ್ತಾದವರು ಹೌದು ಅನ್ನಲಿ, ಆಮೇಲೆ ನಾನೇ ಹೇಳ್ತೀನಿ."

ಆ ದಿನದಷ್ಟು ಚೆಲುವಾಗಿ ಅವರನ್ನು ನಾನು ಮತ್ತೆಂದೂ ನೋಡಲಿಲ್ಲ.

ಈ ನಡುವೆ ಸುದ್ದಿ ಹರಡಿತು. ಕಾರ್ಖಾನೆಯ ಕ್ಲಬ್ಬಿನಲ್ಲಿ ಇಂಜಿನಿಯರನ್ನು ಯಾರೋ ಹೊಸ ಅಧಿಕಾರಿಗೆ ಪರಿಚಯಿಸುತ್ತಾ, "ಈಯನ ಸಾಲೆಪುರುಗು ಮೇಡಂ ಗಾರಿ ಹಸ್ಬೆಂಡ್," ಎಂದರಂತೆ. ಸಾಲೆಪುರುಗು ಎಂದರೆ ತೆಲುಗಿನಲ್ಲಿ ಜೇಡ. ಎಲ್ಲರೂ ನಕ್ಕರು, ಇವರೂ ನಕ್ಕು ಬಂದರು, ಆದರೆ ಅಂದಿನಿಂದ ಟಿಫಿನ್ ಡಬ್ಬಿಯಲ್ಲಿ ಜಿರಲೆ ಬರುವುದು ನಿಂತಿತು. ಆಮೇಲೆ ಊರಿನ ಒಂದು ಪತ್ರಿಕೆಯವರು ಬಂದರು. ಅಮ್ಮನನ್ನೂ ದೊಡ್ಡ ಭರಣಿಯನ್ನೂ ನಿಲ್ಲಿಸಿ ಫೋಟೋ ಹಿಡಿಯುವಾಗ ಇಂಜಿನಿಯರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತರು. ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಸಾರ್, ಮೀರು ಕೊಂಚೆಂ ಪಕ್ಕಕಿ ಜರಗಂಡಿ," ಎಂದು ಕೈಬೀಸಿ ಸರಿಸಿದ. ನಾನು ಅಲ್ಲೇ ಇದ್ದೆ. ಸರಿದು ನಿಂತ ಆ ಮುಖವನ್ನು ನೋಡಿದೆ. ಏನೂ ಆಗದವರ ಹಾಗೆ ಕನ್ನಡಕ ಒರೆಸುತ್ತಿದ್ದರು. ಆದರೆ ಬಹಳ ಹೊತ್ತು ಒರೆಸಿದರು.

ವಿಜ್ಞಾನಿ ಬರುವ ದಿನ ಹತ್ತಿರ ಬಂತು. ಮರಿ ಸಿಕ್ಕ ದಿಮ್ಮಿ ಬೆಟ್ಟದ ಯಾವ ಕಡೆಯದು ಎಂದು ಆತ ಕೇಳಿದ್ದ. ಅದನ್ನು ಬೊಂಬೆಯವನ ಬಾಯಿಂದಲೇ ತಿಳಿಯಬೇಕೆಂದು ಅಮ್ಮ ಕೊಂಡಪಲ್ಲಿಗೆ ಹೊರಟರು. ಇಂಜಿನಿಯರು ರಜೆ ಇಲ್ಲವೆಂದರು. ಜೇಡ ಆಗಲೇ ಆಹಾರ ಬಿಟ್ಟಿತ್ತು, ಹೊಟ್ಟೆ ಕಪ್ಪಿಟ್ಟಿತ್ತು. ಪೊರೆ ಬಿಡುವ ಲಕ್ಷಣ. ಈ ಸಲದ ಪೊರೆ ಕಳಚಿದರೆ ಪೂರ್ಣ ಹೆಣ್ಣಾಗುತ್ತದೆ ಎಂದು ಅಮ್ಮನ ಅಂದಾಜು. ಆಟೋ ಹತ್ತುವ ಮುನ್ನ ನನ್ನ ಎದುರಿಗೇ ಗಂಡನಿಗೆ ಹೇಳಿದರು, "ಅಂಗಾತ ಮಲಗಿದ್ರೆ ಮುಟ್ಟಬೇಡಿ. ನೀರಿನ ಬಟ್ಟಲು ಮಾತ್ರ ತುಂಬಿಡಿ."

"ನನಗೆ ಹೇಳಿಕೊಡಬೇಕೇನೇ?" ಎಂದು ಅವರು ನಕ್ಕರು.

ಶನಿವಾರ ಬ್ಯಾಂಕು ಅರ್ಧ ದಿನ. ಮಧ್ಯಾಹ್ನ ನಾನು ಗೇಟು ತೆರೆದಾಗ ಕಾಂಪೌಂಡ್ ಗೋಡೆಯ ಮೇಲೆ ಆ ದೊಡ್ಡ ಭರಣಿ ಬೋರಲು ಹಾಕಿತ್ತು. ತೊಳೆದು ಬಿಸಿಲಿಗೆ ಇಟ್ಟಿದ್ದರು. ಬಿಸಿಲಿನಲ್ಲಿ ಗಾಜು ಫಳಫಳ ಹೊಳೆಯುತ್ತಿತ್ತು. ಒಳಗೆ ಹೋದೆ. ಪೇಪರು ಓದುತ್ತಾ ಕೂತಿದ್ದ.

ಹೌದು, ಕೂತಿದ್ದ. ಇಲ್ಲಿಯವರೆಗೆ ಮರ್ಯಾದೆ ಕೊಟ್ಟು ಬರೆದೆ. ಇನ್ನು ಮುಂದೆ ನನ್ನಿಂದ ಆಗುವುದಿಲ್ಲ.

"ಸತ್ತೋಯ್ತು ಕಣ್ರೀ," ಎಂದ. "ಅಂಗಾತ ಬಿದ್ದಿತ್ತು. ವಾಸನೆ ಬರೋಕೆ ಮುಂಚೆ ಬಚ್ಚಲ ಒಲೆಗೆ ಹಾಕ್ದೆ."

"ಸಾರ್... ಪೊರೆ ಬಿಡ್ತಾ ಇತ್ತೇನೋ..."

"ಅದೆಲ್ಲ ನನಗೇನ್ರೀ ಗೊತ್ತಾಗುತ್ತೆ? ನಾನು ಉಕ್ಕಿನವನು." ಪೇಪರಿನಿಂದ ಕಣ್ಣು ಎತ್ತಲಿಲ್ಲ.

ಕೆಲಸದಾಕೆಯ ಕೈ ಹಿಡಿದು ತಡೆದವನು ಇವನೇ. ಹೊಸಬರು ಮಾಡುವ ತಪ್ಪು ಎಂದು ನನಗೆ ಪಾಠ ಹೇಳಿದವನು ಇವನೇ. ಜೀವ ಇರುವುದು, ಅದರಲ್ಲೂ ಪೊರೆಯಿಂದ ಅರ್ಧ ಹೊರಗೆ ಬಂದು ಕಾಲನ್ನೂ ಆಡಿಸಲಾಗದ ಜೀವ, ಅದನ್ನು ಗೊತ್ತಿದ್ದೂ ಬೆಂಕಿಗೆ ಹಾಕಿ, ಗೊತ್ತಿಲ್ಲದವರ ತಪ್ಪನ್ನು ಅಂಗಿಯ ಹಾಗೆ ತೊಟ್ಟುಕೊಂಡು ಕೂತಿದ್ದ. ಕತ್ತಿನ ಪಟ್ಟಿ ಹಿಡಿದು ಎಳೆಯಬೇಕೆನ್ನಿಸಿತು. ವಯಸ್ಸಿನಲ್ಲಿ ದೊಡ್ಡವನು, ಅಮ್ಮನ ಗಂಡ. ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದೆ.

ಅಮ್ಮ ಮಾರನೆಯ ದಿನ ಬಂದರು. ಕೈಯಲ್ಲಿ ಗಂಡನಿಗೆಂದು ತಂದ ಕೊಂಡಪಲ್ಲಿಯ ಬಣ್ಣದ ಆನೆ ಇತ್ತು. ಖಾಲಿ ಭರಣಿಯನ್ನು ನೋಡಿದರು. ಅವನು ತನ್ನ ಮಾತನ್ನು ಹೇಳಿದ. ನಾನು ಬಾಗಿಲಲ್ಲಿ ನಿಂತು ಅವರ ಮೂಗುಬೊಟ್ಟನ್ನೇ ನೋಡುತ್ತಿದ್ದೆ. ಅದು ನಡುಗಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

"ನೀರಿನ ಬಟ್ಟಲು ಎಲ್ಲಿ?" ಎಂದು ಮಾತ್ರ ಕೇಳಿದರು.

ವಿಜ್ಞಾನಿ ಬಂದ. ಉಪ್ಪಿಟ್ಟು ತಿಂದ. ಉಳಿದ ಭರಣಿಗಳನ್ನು ನೋಡಿ ಎಲ್ಲವೂ ಗೊತ್ತಿರುವ ಜಾತಿಗಳೇ ಎಂದ. ಜೇಡವೂ ಇಲ್ಲದೆ ಪೊರೆಯೂ ಇಲ್ಲದೆ ತಾನೇನೂ ಹೇಳುವಂತಿಲ್ಲ, ಬಹುಶಃ ರೆಗಾಲಿಸ್ ಇದ್ದಿರಬಹುದು ಎಂದ. ಇವನು ಆತನನ್ನು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಟ್ಟು ಬಂದ. ಅಮ್ಮ ಉಳಿದ ಜೇಡಗಳನ್ನು ಒಂದೊಂದಾಗಿ ಬೆಟ್ಟದ ಕಡೆ ಬಿಡಿಸಿದರು. ಭರಣಿಗಳನ್ನು ಅಂಗಡಿಯವನಿಗೆ ಕೊಟ್ಟರು. ದೊಡ್ಡದನ್ನು ಮಾತ್ರ ಕೊಡಲಿಲ್ಲ. ಅದನ್ನು ಅವನ ಕುರ್ಚಿಯ ನೇರ ಎದುರಿಗೆ, ಟೀವಿಯ ಮೇಲೆ ಇಟ್ಟರು. ಒಳಗೆ ತೊಗಟೆ, ನೀರಿನ ಬಟ್ಟಲು. ಪ್ರತಿದಿನ ಬೆಳಿಗ್ಗೆ ಅವನು ಕಾಫಿ ಕುಡಿಯುತ್ತಿರುವಾಗ ಬಂದು, ಮುಚ್ಚಳ ತೆಗೆದು, ಆ ಬಟ್ಟಲಿಗೆ ಹೊಸ ನೀರು ತುಂಬಿ ಹೋಗುತ್ತಿದ್ದರು. ಒಂದು ಮಾತಿಲ್ಲ. ಅಡುಗೆಯಲ್ಲಿ ಉಪ್ಪು ಹೆಚ್ಚಾಗಲಿಲ್ಲ, ಅಂಗಿಯ ಗುಂಡಿ ತಪ್ಪಲಿಲ್ಲ, ಹಬ್ಬಕ್ಕೆ ಹೋಳಿಗೆ ತಪ್ಪಲಿಲ್ಲ. ನೀರೂ ತಪ್ಪಲಿಲ್ಲ.

"ಗೊತ್ತಿದ್ದೇ ಮಾಡಿದಾರೆ ಅಂತ ನಿಮಗೆ ಗೊತ್ತು," ಎಂದು ನಾನು ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. "ಯಾಕಮ್ಮ ಕೇಳಲ್ಲ? ನೀವು ಇಡಬೇಕು ಅಂತಿದ್ದ ಹೆಸರು ಯಾವುದು ಅಂತ ಆದ್ರೂ ಅವರಿಗೆ ಹೇಳಿ. ಸಾಯಲ್ವಾ ನಾಚಿಕೆಯಿಂದ?"

"ಹೇಳಿದ್ರೆ ಅಳ್ತಾರೆ. ಕಾಲು ಹಿಡೀತಾರೆ. ಕಾಲು ಹಿಡಿದ ಗಂಡನ್ನ ಏನು ಮಾಡೋದು? ಕ್ಷಮಿಸಬೇಕಾಗುತ್ತೆ." ಹರಳು ನಡುಗಿತು. ಎಷ್ಟೋ ದಿನಗಳ ಮೇಲೆ ಅದು ನಡುಗಿದ್ದು ನೋಡಿ ನನಗೆ ಸಮಾಧಾನವಾಯಿತು. "ನನಗೆ ಕ್ಷಮಿಸೋಕೆ ಇಷ್ಟ ಇಲ್ಲ ಕಣೋ. ನಾನು ಹೋದಮೇಲೆ ನೀನು ಹೇಳು. ಆಗ ಯಾರ ಕಾಲು ಹಿಡೀತಾರೋ ನೋಡೋಣ."

ನಾನು ಆಗಲಿ ಎಂದೆ. ಅವರು ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಒತ್ತಿ ಬಿಟ್ಟರು. ಬ್ಯಾಂಕಿನವನಾದ ನಾನು ಎಷ್ಟೋ ಜನರ ಠೇವಣಿ ಕಾದಿದ್ದೇನೆ, ಇದರಷ್ಟು ನಿಷ್ಠೆಯಿಂದ ಯಾವುದನ್ನೂ ಕಾಯಲಿಲ್ಲ.

ತೊಂಬತ್ತರ ದಶಕದಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅಷ್ಟರಲ್ಲಿ ಅವರೂ ಅಲ್ಲಿಗೆ ಬಂದಿದ್ದರು. ಅವನು ಕಾರ್ಖಾನೆ ಬಿಟ್ಟು ಕೊಂಡಪಲ್ಲಿಯ ಕಡೆ ಯಾವುದೋ ಖಾಸಗಿ ಕಂಪನಿ ಸೇರಿದ್ದ. ನನಗೂ ಮದುವೆಯಾಗಿತ್ತು. ಹೆಂಡತಿಯನ್ನು ಕರೆದುಕೊಂಡು ಹೋದಾಗ ಅಮ್ಮ ಅವಳ ಕಿವಿಯಲ್ಲಿ, "ನಿನ್ನ ಅತ್ತೆ ಹೇಗೆ?" ಎಂದು ಕೇಳಿ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನಮ್ಮಮ್ಮನಿಗೂ ಒಂದು ಹೆಸರು ಕೊಟ್ಟರು. ಮನೆಯಲ್ಲಿ ಅದು ಇಂದಿಗೂ ಚಲಾವಣೆಯಲ್ಲಿದೆ. ಆ ಮನೆಯಲ್ಲೂ ಟೀವಿಯ ಮೇಲೆ ಭರಣಿ ಇತ್ತು. ಕುರ್ಚಿ ಅದರ ನೇರ ಎದುರಿಗಿತ್ತು. ಅವನು ತೆಳ್ಳಗಾಗಿದ್ದ, ಮಾತು ಕಡಿಮೆಯಾಗಿತ್ತು. ನೀರು ಹಾಕುವ ಹೊತ್ತಿಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗಲು ನೋಡುತ್ತಿದ್ದ. ಅವನು ವಾಪಸು ಬಂದು ಕೂರುವವರೆಗೂ ಅಮ್ಮ ಚೊಂಬು ಹಿಡಿದು ಕಾಯುತ್ತಿದ್ದರು.

ಒಂದು ಬೇಸಿಗೆ, ಕೃಷ್ಣೆಯ ಮರಳು ಕಾದು ಊರೆಲ್ಲ ಬೆಂಕಿಯಾಗಿದ್ದಾಗ, ಅಮ್ಮ ತೀರಿಕೊಂಡರು. ಹೃದಯ. ಬೆಳಿಗ್ಗೆ ನೀರು ಹಾಕಿ, ಹೆಸರುಗಳನ್ನು ಹೇಳುತ್ತಾ ಹುರುಳಿಕಾಯಿ ಹೆಚ್ಚುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಯಾವ ಶತ್ರುವಿನ ಹೆಸರು ಬಾಯಲ್ಲಿದ್ದಾಗಲೋ ಯಾರಿಗೆ ಗೊತ್ತು. ನಾನು ಹೋದಾಗ ಮೂಗುಬೊಟ್ಟನ್ನು ತೆಗೆದುಬಿಟ್ಟಿದ್ದರು. ಮೂಗಿನ ಮೇಲೆ ಆ ಸಣ್ಣ ತೂತು ನೋಡಿ ನನಗೆ ಅಳು ಬಂತು. ಹಾಸನದಿಂದ ಗೀಟಿನ ಅಂಗಿಯ ಅಣ್ಣ ಬಂದಿದ್ದ. ದೊಡ್ಡದಾಗಿ ಅಳುತ್ತಿದ್ದ. ನಾನು ಅವನ ಪಕ್ಕ ನಿಂತು ಅವನ ಕಿವಿಗೆ ಬೀಳುವ ಹಾಗೆ "ಪೀಸಿಲೊಥೀರಿಯಾ ಸ್ಟ್ರಯಾಟ" ಎಂದೆ. ಏನೋ ಮಂತ್ರವೆಂದುಕೊಂಡು ಕೈಮುಗಿದ.

ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಎಲ್ಲರೂ ಹೊರಟರು. ನಾನು ಉಳಿದೆ. ಅವನು ಭರಣಿಯ ಎದುರಿನ ಕುರ್ಚಿಯಲ್ಲಿ ಕೂತಿದ್ದ. ಬಟ್ಟಲು ಒಣಗಿ ಒಳಗೆ ಬಿಳಿ ಗೆರೆ ಕಟ್ಟಿತ್ತು.

"ಎಲ್ಲರಿಗೂ ಒಂದೊಂದು ಇಟ್ಟಿದ್ಲು," ಎಂದ ಅವನು, ಭರಣಿಯ ಕಡೆಯೇ ನೋಡುತ್ತಾ. "ನನಗೆ ಯಾವುದು ಇಟ್ಟಿದ್ಲು ಅಂತ ಎಷ್ಟು ಸಲ ಕೇಳಿದ್ರೂ ಹೇಳಲಿಲ್ಲ. ನಿಮಗೆ ಹೇಳಿರ್ತಾಳೆ. ತೀರಾ ಕೆಟ್ಟದ್ದಾ?"

ನಾನು ಈ ಪ್ರಶ್ನೆಗಾಗಿ ವರ್ಷಗಳಿಂದ ಕಾದಿದ್ದೆ. ಸ್ಕೂಟರಿನಲ್ಲಿ ಹೋಗುವಾಗ, ಸ್ನಾನ ಮಾಡುವಾಗ ಉತ್ತರವನ್ನು ಅಭ್ಯಾಸ ಮಾಡಿಕೊಂಡಿದ್ದೆ.

"ಶತ್ರುಗಳ ಸಾಲಿನಲ್ಲಿ ನಿಮಗೆ ಹೆಸರಿರಲಿಲ್ಲ ಸಾರ್," ಎಂದೆ. "ನೀವು ಒಲೆಗೆ ಹಾಕಿದ ಜೇಡಕ್ಕೆ ನಿಮ್ಮ ಹೆಸರು ಇಡೋದು ಅಂತಿದ್ರು." ಆಮೇಲೆ ಅಮ್ಮ ಅಂದು ನನಗೆ ಹೇಳಿದ ಹಾಗೆಯೇ, ಪೀಸಿಲೊಥೀರಿಯಾದಿಂದ ಶುರು ಮಾಡಿ, ಬಾಲದ ಸಮೇತ, ಪೂರ್ತಿ ಹೆಸರನ್ನು ಹೇಳಿದೆ. "ನಿಮ್ಮ ಹೆಸರು ಅವರು ಬಾಯಿ ಬಿಟ್ಟು ಹೇಳಿದ್ದು ಅದೊಂದೇ ಸಲ. ನನ್ನ ಹತ್ರ."

ಅವನು ಮೊದಲು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅರ್ಥವಾಯಿತು. ಕುರ್ಚಿಯ ಕೈಗಳನ್ನು ಹಿಡಿದ ಬೆರಳುಗಳು ಬೆಳ್ಳಗಾದವು. ಅಡುಗೆಮನೆಯ ಬಾಗಿಲ ಕಡೆ ತಿರುಗಿದ, ಅಲ್ಲಿ ಯಾರೂ ಇರಲಿಲ್ಲ. ಕಾಲು ಹಿಡಿಯಲು ಕಾಲೇ ಇರಲಿಲ್ಲ. ಅಮ್ಮ ಹೇಳಿದ್ದು ಹೇಗಿತ್ತೋ ಹಾಗೇ ನಡೆಯಿತು. ನನಗೆ ಕನಿಕರ ಬರಬೇಕಿತ್ತು ಎಂದು ಕೆಲವರು ಹೇಳಬಹುದು. ಬರಲಿಲ್ಲ.

"ಇನ್ನೊಂದ್ಸಲ ಹೇಳ್ರೀ," ಎಂದ. ದನಿ ಒಡೆದಿತ್ತು. ಜೇಬು ತಡಕಿ ಪೆನ್ನು ತೆಗೆದ, ಅಡುಗೆಯವರ ಲೆಕ್ಕದ ಚೀಟಿಯ ಹಿಂಭಾಗವನ್ನು ನನ್ನ ಮುಂದೆ ಹಿಡಿದ. "ಪೂರ್ತಿ ಸರಿಯಾಗಿ ಕೇಳಿಸಲಿಲ್ಲ. ಬರೆದುಕೊಡ್ರೀ, ದಮ್ಮಯ್ಯ. ನನಗೆ ಅವಳ ಹಾಗೆ ನೆನಪಿರಲ್ಲ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

"ಬರೆದುಕೊಂಡ್ರೆ ಮರೆತುಹೋಗುತ್ತೆ ಸಾರ್," ಎಂದೆ.

ಅವನೂ ಈಗಿಲ್ಲ. ಸಾಯುವವರೆಗೆ ಆ ಬಟ್ಟಲಿಗೆ ತಾನೇ ನೀರು ಹಾಕುತ್ತಿದ್ದನೆಂದು ಯಾರೋ ಹೇಳಿದರು, ಹಾಕಲಿ. ನಾನು ಈಗಲೂ ಬೆಳಿಗ್ಗೆ ತರಕಾರಿ ಹೆಚ್ಚಿಕೊಡುವಾಗ ಅಮ್ಮನ ಹೆಸರುಗಳನ್ನೆಲ್ಲ ವರಸೆ ತಪ್ಪದೆ ಹೇಳುತ್ತೇನೆ, ಕೊನೆಯಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಆ ಒಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಅದು ಗೊತ್ತಿರುವವನು ಈಗ ನಾನೊಬ್ಬನೇ. ಇಲ್ಲಿ ಬರೆಯುವುದಿಲ್ಲ.